ತಪ್ಪುಗಳ ವಂಶಾವಳಿ

ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವವನೊಬ್ಬ ಕಂಪ್ಯೂಟರಿನ ಭಾಷೆಯ ವಿಷಯವಾಗಿ ಬರೆಯಹೊರಟರೆ ಅದು ಅಧಿಕಪ್ರಸಂಗವೆಂದು ವಾಚಕರಿಗೆ ತೋರಬಹುದು. ತೋರಿದರೆ ಆಶ್ಚರ್ಯವೇನೂ ಇಲ್ಲ. ಮೊದಮೊದಲು ನನಗೂ ಹಾಗೆಯೇ ತೋರಿತ್ತು. ಆದರೆ ಎಂ.ಎ. ತರಗತಿಯಲ್ಲಿ ನಿದ್ದೆಗಣ್ಣಿನಲ್ಲಿ ಕೇಳಿದ ಗ್ರಂಥಸಂಪಾದನಶಾಸ್ತ್ರ ನನಗೆ ಒಂದು ದಿನ ನಿಜವಾಗಿ ಕೈಹಿಡಿದದ್ದು ಜಾವಾ ಎಂಬ ಭಾಷೆಯಲ್ಲಿ ಬರೆದಿದ್ದ ಇಪ್ಪತ್ತು ಸಾಲಿನ ಒಂದು ಪ್ರೋಗ್ರಾಮಿನ ಮುಂದೆ ಕುಳಿತಾಗ. ಆ ಕಥೆಯನ್ನು ಹೇಳಿಬಿಡುತ್ತೇನೆ.

ಓಲೆಗರಿಗಳನ್ನು ಸಂಪಾದಿಸುವವರದು ಒಂದು ಹಳೆಯ ಸೂತ್ರವುಂಟು. ಒಂದು ಪದ್ಯವನ್ನು ಎರಡು ಪ್ರತಿಗಳು ಸರಿಯಾಗಿ ಬರೆದುಕೊಂಡಿದ್ದರೆ ಅದರಿಂದ ಹೆಚ್ಚೇನೂ ತಿಳಿಯುವುದಿಲ್ಲ. ಎರಡೂ ಒಂದೇ ಕಡೆಯಲ್ಲಿ ಒಂದೇ ತಪ್ಪನ್ನು ಮಾಡಿದ್ದರೆ ಮಾತ್ರ ಸಂಪಾದಕನ ಕಿವಿ ನೆಟ್ಟಗಾಗುತ್ತದೆ. ಇಬ್ಬರು ಲಿಪಿಕಾರರೂ ಒಂದೇ ತಾಯಿಪ್ರತಿಯನ್ನು ನೋಡಿ ಬರೆದಿರಬೇಕು. ತಪ್ಪು ಅವರದಲ್ಲ, ಹಿರಿಯರಿಂದ ಬಂದದ್ದು. ಹೀಗೆ ತಪ್ಪುಗಳ ಬೆನ್ನು ಹಿಡಿದೇ ಪ್ರತಿಗಳ ವಂಶವೃಕ್ಷವನ್ನು ಬರೆಯುತ್ತಾರೆ.

ಮೂರು ವರ್ಷಗಳ ಹಿಂದಿನ ಮಾತು. ನಮ್ಮ ಕಾಲೇಜಿನಲ್ಲಿ ಬಿ.ಸಿ.ಎ. ವಿದ್ಯಾರ್ಥಿಗಳಿಗೂ ಕನ್ನಡ ಪಾಠವುಂಟು. ವಾರಕ್ಕೆ ನಾಲ್ಕು ಗಂಟೆ ಅವರು ನನ್ನ ಮುಂದೆ ಕುಳಿತು ಕುಮಾರವ್ಯಾಸನನ್ನು ಕೇಳುತ್ತಾರೆ, ಇಲ್ಲವೆ ಕೇಳಿದಂತೆ ನಟಿಸುತ್ತಾರೆ. ಅವರಲ್ಲಿ ನಿಜವಾಗಿಯೂ ಕೇಳುತ್ತಿದ್ದವನೊಬ್ಬ, ಎಸ್.ಎಸ್.ಎಲ್.ಸಿ.ವರೆಗೆ ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿ ಬಂದ ಹುಡುಗ, ಒಂದು ಸಂಜೆ ಟಿ.ಸಿ.ಗೆ ಅರ್ಜಿ ಬರೆದುಕೊಂಡು ಬಂದು ನಿಂತ. ಅವರ ತರಗತಿಯ ಮೇಲ್ವಿಚಾರಣೆ ನನ್ನದಾದ್ದರಿಂದ ಮೊದಲು ನನ್ನ ಸಹಿ ಬೇಕಾಗಿತ್ತು.

"ಏನಪ್ಪಾ, ಯಾಕೆ?" ಎಂದೆ.

"ಆಗಲ್ಲ ಸಾರ್. ನಂಗೆ ಇಂಗ್ಲಿಷ್ ಬರಲ್ಲ. ನಾನು ಏನು ಬರೆದ್ರೂ ಕಂಪ್ಯೂಟರ್ ಕೆಂಪಕ್ಷರದಲ್ಲಿ ಬೈಯುತ್ತೆ."

ಪ್ರಯೋಗಶಾಲೆಯಲ್ಲಿ ಯಾರೋ ಅವನ ಬೆನ್ನ ಹಿಂದೆ ನಿಂತು, ಇಂಗ್ಲಿಷೇ ಬಾರದವನಿಗೆ ಜಾವಾ ಹೇಗೆ ಬಂದೀತು ಎಂದು ನಕ್ಕರಂತೆ. ಆ ನಗು ಕೆಂಪಕ್ಷರಕ್ಕಿಂತ ಹೆಚ್ಚು ಚುಚ್ಚಿತ್ತು. ಹತ್ತು ವರ್ಷದ ಕೆಳಗೆ ಷಟ್ಪದಿಯ ಮಾತ್ರೆಗಳನ್ನು ಯಂತ್ರದಿಂದ ಎಣಿಸಬೇಕೆಂಬ ಹುಚ್ಚಿನಿಂದ ನಾನು ಜಾವಾವನ್ನು ಅಷ್ಟಿಷ್ಟು ಕಲಿತಿದ್ದೆ. ಅದೇ ಕೆಂಪಕ್ಷರದಿಂದ ನೂರಾರು ಸಲ ಬೈಸಿಕೊಂಡೂ ಇದ್ದೆ. "ಸಹಿ ನಾಳೆ ಹಾಕ್ತೀನಿ. ಇವತ್ತು ಆ ಬೈಗುಳ ಏನೂಂತ ತೋರಿಸು" ಎಂದೆ.

ತೋರಿಸಿದ. ಸಹಪಾಠಿಗಳ ಅಂಕಪಟ್ಟಿ ಮಾಡುವ ಪ್ರೋಗ್ರಾಂ ಅದು. ಹತ್ತು ವಿದ್ಯಾರ್ಥಿಗಳಿಗೆ ಸ್ಥಳ ಕಾದಿರಿಸಿ, ಒಡನೆಯೇ ಮೊದಲನೆಯವನ ಹೆಸರು ಕೇಳಿದ್ದ. ಯಂತ್ರ 'ನಲ್ ಪಾಯಿಂಟರ್ ಎಕ್ಸೆಪ್ಷನ್' ಎಂದು ಮುಖ ತಿರುಗಿಸಿತ್ತು. ಜಾವಾ ಕಲಿಯುವವರಲ್ಲಿ ಈ ಮಾತನ್ನು ಕಾಣದವರಿಲ್ಲ. ವಿಷಯ ಇಷ್ಟೆ: ಹತ್ತು ಗೂಡುಗಳ ಒಂದು ಕಪಾಟು ಇದೆ, ಒಂದೊಂದು ಗೂಡಿನಲ್ಲೂ ಒಬ್ಬೊಬ್ಬರ ಮನೆಯ ವಿಳಾಸದ ಚೀಟಿ ಇರಬೇಕು. ಹುಡುಗ ಕಪಾಟು ಮಾಡಿಸಿದ್ದ, ಚೀಟಿಗಳನ್ನು ಬರೆದಿರಲಿಲ್ಲ. ಬರಿಯ ಚೀಟಿಯನ್ನು ಕೈಗೆ ಕೊಟ್ಟು 'ಈ ಮನೆಗೆ ಹೋಗಿ ಯಜಮಾನನ ಹೆಸರು ಕೇಳಿಕೊಂಡು ಬಾ' ಎಂದರೆ ಆಳು ಏನು ಮಾಡಬೇಕು? ಆ ಬರಿಯ ಚೀಟಿಗೇ 'ನಲ್' ಎಂದು ಹೆಸರು. ಹೆಸರು ಕೇಳುವ ಮೊದಲು ಒಬ್ಬೊಬ್ಬ ವಿದ್ಯಾರ್ಥಿಯನ್ನೂ ಹೊಸದಾಗಿ ಸೃಷ್ಟಿಸಿ ಗೂಡಿನಲ್ಲಿಡುವ ಒಂದು ಸಾಲು ಸೇರಿಸಿದ, ಕೆಂಪು ಮಾಯವಾಯಿತು.

ಅಷ್ಟಕ್ಕೇ ಬಿಡಬಹುದಿತ್ತು. ಆದರೆ ಅವನ ಮುಖ ಇನ್ನೂ ಗಂಟಿಕ್ಕಿಕೊಂಡೇ ಇತ್ತು. ಆಗ ನನಗೆ ಓಲೆಗರಿಗಳ ಸೂತ್ರ ನೆನಪಾಯಿತು. ಲೋಕದ ಎಲ್ಲ ಹೊಸಬರೂ ಇದೇ ಜಾಗದಲ್ಲಿ ಇದೇ ತಪ್ಪನ್ನು ಮಾಡುತ್ತಾರೆಂದಮೇಲೆ ಇದಕ್ಕೊಂದು ತಾಯಿಪ್ರತಿ ಇರಲೇಬೇಕಲ್ಲವೆ?

ಇದೆ. ಅದರ ವರ್ಷವೂ ಗೊತ್ತು: ೧೯೬೫. ಅದರ ಕರ್ತೃ ಟೋನಿ ಹೋರ್ ಎಂಬ ಆಂಗ್ಲ ವಿದ್ವಾಂಸರು. ಹುಟ್ಟಿದ್ದು ೧೯೩೪ರಲ್ಲಿ, ನಮ್ಮ ನೆರೆಯ ಕೊಲಂಬೊದಲ್ಲಿ. ಆಕ್ಸ್‌ಫರ್ಡಿನಲ್ಲಿ ಓದಿದ್ದು ಗ್ರೀಕ್, ಲ್ಯಾಟಿನ್ ಮತ್ತು ತತ್ತ್ವಶಾಸ್ತ್ರ. ಭಾಷಾಪಾಠ ಹೇಳುವ ನನ್ನಂಥವರಿಗೆ ಇದೊಂದು ಸಣ್ಣ ಸಮಾಧಾನ. ಹೆಚ್ಚು ಹಿಗ್ಗುವುದು ಬೇಡ. ೧೯೬೫ರಲ್ಲಿ ಅವರು ಆಲ್ಗಾಲ್ ಡಬ್ಲ್ಯೂ ಎಂಬ ಭಾಷೆಯಲ್ಲಿ, ಒಂದು ವಸ್ತುವಿನಿಂದ ಮತ್ತೊಂದು ವಸ್ತುವಿಗೆ ದಾರಿ ತೋರಿಸುವ ವಿಳಾಸಗಳ ವ್ಯವಸ್ಥೆಯನ್ನು ರೂಪಿಸುತ್ತಿದ್ದರು. ಎಲ್ಲ ವಿಳಾಸಗಳೂ ಪೂರ್ಣ ಸುರಕ್ಷಿತವಾಗಿರಬೇಕು, ಅದನ್ನು ಯಂತ್ರವೇ ಮೊದಲು ಪರೀಕ್ಷಿಸಬೇಕು ಎಂಬುದು ಅವರ ಸಂಕಲ್ಪ. ಆದರೂ 'ಯಾವ ವಿಳಾಸವೂ ಇಲ್ಲ' ಎಂಬ ಬರಿಯ ಚೀಟಿಗೆ ಅವಕಾಶ ಕೊಟ್ಟುಬಿಟ್ಟರು. ಏಕೆ? ಹಾಗೆ ಮಾಡುವುದು ಬಲು ಸುಲಭವಾಗಿತ್ತು; ಅಷ್ಟೆ. ೨೦೦೯ರಲ್ಲಿ ಲಂಡನ್ನಿನ ಒಂದು ಸಮಾವೇಶದಲ್ಲಿ, ಎಪ್ಪತ್ತೈದರ ವಯಸ್ಸಿನಲ್ಲಿ, ಅವರು ನಿಂತು ಇದು ತಮ್ಮ ನೂರು ಕೋಟಿ ಡಾಲರಿನ ತಪ್ಪೆಂದು ಬಹಿರಂಗವಾಗಿ ಒಪ್ಪಿಕೊಂಡರು. ಅಷ್ಟರೊಳಗೆ ಆ ಬರಿಯ ಚೀಟಿ ಹತ್ತಾರು ಭಾಷೆಗಳನ್ನು ಹೊಕ್ಕು ಜಾವಾಕ್ಕೂ ಬಂದು ಕುಳಿತಾಗಿತ್ತು.

ಹುಡುಗನಿಗೆ ಇದನ್ನು ಹೇಳಿದೆ. "ಅಷ್ಟು ದೊಡ್ಡವರೂ ತಪ್ಪು ಮಾಡಿದ್ರಾ ಸಾರ್?" ಎಂದ. "ಅವರು ಮಾಡಿದ್ದು, ನೀನು ಅನುಭವಿಸಿದ್ದು" ಎಂದೆ. ಮೊದಲ ಸಲ ನಕ್ಕ. ಟಿ.ಸಿ. ಅರ್ಜಿ ನನ್ನ ಮೇಜಿನ ಮೇಲೆ, ಪೇಪರ್‌ವೇಟಿನ ಕೆಳಗೆ, ಹಾಗೆಯೇ ಇತ್ತು.

ಮರುದಿನದಿಂದ ತರಗತಿ ಮುಗಿದ ಮೇಲೆ ಅವನು ಒಂದೊಂದು ಕೆಂಪಕ್ಷರವನ್ನು ಹೊತ್ತು ತರುವುದೂ ನಾನು ಅದರ ಅಜ್ಜ ಮುತ್ತಜ್ಜರನ್ನು ಹುಡುಕುವುದೂ ವಾಡಿಕೆಯಾಯಿತು. ಎರಡನೆಯ ದಿನ ಬಂದದ್ದು 'ಅರೇ ಇಂಡೆಕ್ಸ್ ಔಟ್ ಆಫ್ ಬೌಂಡ್ಸ್'. ಹತ್ತು ಗೂಡುಗಳಿಗೆ ಜಾವಾ ಕೊಡುವ ಅಂಕೆ ಸೊನ್ನೆಯಿಂದ ಒಂಬತ್ತರವರೆಗೆ. ಹುಡುಗ ಒಂದರಿಂದ ಹತ್ತರವರೆಗೆ ಎಣಿಸಿ, ಇಲ್ಲದ ಹತ್ತನೆಯ ಅಂಕೆಯ ಗೂಡಿಗೆ ಕೈಹಾಕಿದ್ದ. ಮನುಷ್ಯರೆಲ್ಲ ಒಂದರಿಂದ ಎಣಿಸುವಾಗ ಯಂತ್ರಕ್ಕೇಕೆ ಸೊನ್ನೆಯ ಹಠ? ಇದರ ಮೂಲ ಕೇಂಬ್ರಿಜ್ಜಿನ ಮಾರ್ಟಿನ್ ರಿಚರ್ಡ್ಸ್ ೧೯೬೭ರಲ್ಲಿ ರೂಪಿಸಿದ ಬಿ.ಸಿ.ಪಿ.ಎಲ್. ಎಂಬ ಭಾಷೆಯಲ್ಲಿದೆ. ಅಲ್ಲಿ ಗೂಡಿನ ಅಂಕೆಯೆಂದರೆ ಕಪಾಟಿನ ಆರಂಭದಿಂದ ಅದು ಎಷ್ಟು ದೂರವಿದೆ ಎಂಬ ಅಳತೆ. ಮೊದಲನೆಯ ಗೂಡು ಆರಂಭದಲ್ಲೇ ಇರುವುದರಿಂದ ಅದರ ದೂರ ಸೊನ್ನೆ. ಮೊದಲನೆಯ ವರ್ಷ ನಡೆಯುತ್ತಿರುವ ಕೂಸಿನ ವಯಸ್ಸನ್ನು ನಾವು ಒಂದು ಎನ್ನುತ್ತೇವೆಯೆ? ಬಿ.ಸಿ.ಪಿ.ಎಲ್.ನಿಂದ ಬಿ, ಬಿಯಿಂದ ಸಿ, ಸಿಯನ್ನು ನೋಡಿ ಜಾವಾ: ನಾಲ್ಕು ತಲೆಮಾರು ಸೊನ್ನೆ ಹಾಗೆಯೇ ಇಳಿದು ಬಂದಿತು. ಡಚ್ ವಿದ್ವಾಂಸ ಡೈಕ್‌ಸ್ಟ್ರಾ ೧೯೮೨ರಲ್ಲಿ ತಮ್ಮ ಮುದ್ದಾದ ಕೈಬರಹದಲ್ಲಿ ಒಂದು ಪುಟ್ಟ ಟಿಪ್ಪಣಿ ಬರೆದು, ಸೊನ್ನೆಯಿಂದ ಎಣಿಸಿ 'ಇಷ್ಟಕ್ಕಿಂತ ಕಡಿಮೆ' ಎಂದು ನಿಲ್ಲಿಸುವುದೇ ಮೇಲೆಂದು ವಾದಿಸಿದರು. ಹುಡುಗನ ಪ್ರೋಗ್ರಾಮಿಗೆ ಬೇಕಾಗಿದ್ದ ಮದ್ದೂ ಅದೇ: ಸೊನ್ನೆಯಿಂದ ಹೊರಟು 'ಹತ್ತಕ್ಕಿಂತ ಕಡಿಮೆ' ಎಂದು ನಿಲ್ಲಿಸುವುದು.

ಆದರೆ ಈ ಎರಡನೆಯ ಬೈಗುಳದಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಬೈಗುಳವೇ. ಸಿ ಭಾಷೆಯಲ್ಲಿ ಇಲ್ಲದ ಗೂಡಿಗೆ ಕೈಹಾಕಿದರೆ ಎಚ್ಚರಿಸುವ ಕಟ್ಟಳೆಯೇ ಇಲ್ಲ. ಪಕ್ಕದ ಮನೆಯ ಕಪಾಟಿನಿಂದ ಏನನ್ನೋ ತಂದುಕೊಟ್ಟು ಯಂತ್ರ ಸುಮ್ಮನಿರಬಹುದು. ಗದರಿಸಿ ತಡೆಯಬೇಕೆಂಬ ವಿವೇಕ ಎಲ್ಲಿಂದ ಬಂತೆಂದು ಹುಡುಕಿದರೆ ಮತ್ತೆ ಸಿಕ್ಕಿದವರು ಅದೇ ಟೋನಿ ಹೋರ್! ೧೯೬೦ರ ದಶಕದ ಆರಂಭದಲ್ಲಿ ಎಲಿಯಟ್ ಬ್ರದರ್ಸ್ ಎಂಬ ಕಂಪೆನಿಯಲ್ಲಿದ್ದಾಗ ಅವರು ಆಲ್ಗಾಲ್ ಭಾಷೆಗೆ ಮಾಡಿದ ಕಂಪೈಲರು ಪ್ರತಿಯೊಂದು ಗೂಡಿನ ಅಂಕೆಯನ್ನೂ ಪ್ರೋಗ್ರಾಂ ಓಡುವಾಗಲೇ ಪರೀಕ್ಷಿಸುತ್ತಿತ್ತು. ಅದರಿಂದ ಸ್ವಲ್ಪ ವೇಗ ಕಡಿಮೆಯಾಗುತ್ತಿತ್ತು. ಬೇಕಾದರೆ ಈ ಪರೀಕ್ಷೆಯನ್ನು ತೆಗೆದುಹಾಕಲು ಅನುಕೂಲ ಮಾಡಿಕೊಡೋಣವೆ ಎಂದು ಗಿರಾಕಿಗಳನ್ನು ಕೇಳಿದರೆ, ದಯವಿಟ್ಟು ಬೇಡ ಎಂದು ಎಲ್ಲರೂ ಒಕ್ಕೊರಲಿನಿಂದ ಹೇಳಿದರಂತೆ. ೧೯೮೦ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಸ್ವೀಕರಿಸುತ್ತ ಮಾಡಿದ ಭಾಷಣದಲ್ಲಿ ಇದನ್ನು ನೆನೆದು, ಆಮೇಲೆ ಬಂದ ಭಾಷೆಗಳು ಈ ಪಾಠ ಕಲಿಯಲಿಲ್ಲವಲ್ಲ ಎಂದು ಕೊರಗಿದ್ದಾರೆ. ಜಾವಾ ಕಲಿತಿತು. ೧೯೯೧ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಕಂಪೆನಿಯ ಜೇಮ್ಸ್ ಗಾಸ್ಲಿಂಗ್ ಮತ್ತು ಸಂಗಡಿಗರು ಮನೆಬಳಕೆಯ ಉಪಕರಣಗಳಿಗಾಗಿ ಈ ಭಾಷೆಯನ್ನು ಕಟ್ಟಲು ತೊಡಗಿದರು. ೧೯೯೫ರಲ್ಲಿ ಅದು ಲೋಕಕ್ಕೆ ಪ್ರಕಟವಾಯಿತು. ಕಿಟಕಿಯ ಹೊರಗಿದ್ದ ಓಕ್ ಮರವನ್ನು ನೋಡಿ ಮೊದಲು ಓಕ್ ಎಂದೇ ಹೆಸರಿಟ್ಟಿದ್ದರು. ಗೂಡಿನ ಅಂಕೆಯನ್ನೂ ಬರಿಯ ಚೀಟಿಯನ್ನೂ ಓಡುವಾಗಲೇ ಪರೀಕ್ಷಿಸಿ, ತಪ್ಪಿದರೆ ಎಷ್ಟನೆಯ ಸಾಲಿನಲ್ಲಿ ಎಂದು ಹೇಳಿ ನಿಲ್ಲುವುದು ಅದರ ಸ್ವಭಾವ. ೨೦೨೦ರಲ್ಲಿ ಬಂದ ಆವೃತ್ತಿಯಿಂದೀಚೆಗೆ ಯಾವ ಚೀಟಿ ಬರಿದಾಗಿತ್ತೆಂದು ಹೆಸರು ಹಿಡಿದೇ ಹೇಳುತ್ತದೆ. ಹುಡುಗ ಬೈಗುಳವೆಂದು ತಿಳಿದದ್ದು ಇದನ್ನೇ. ಇಂಗ್ಲಿಷ್ ಬಾರದೆಂಬ ಅಂಜಿಕೆಯಿಂದ ಅವನು ಅದನ್ನು ಕೊನೆಯವರೆಗೆ ಓದಿಯೇ ಇರಲಿಲ್ಲ. ಓದಬೇಕಾದದ್ದು ಮೂರೇ ಮಾತು: ಏನು, ಯಾವುದು, ಎಷ್ಟನೆಯ ಸಾಲು. ಅವನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟೆ. ವಾರದೊಳಗೆ ಅರ್ಧಕ್ಕರ್ಧ ತಪ್ಪುಗಳನ್ನು ನನ್ನ ಬಳಿಗೆ ತರುವುದನ್ನೇ ಬಿಟ್ಟ.

ಗದರಿಸದ ತಪ್ಪುಗಳು ಉಳಿದುವು. ಅವೇ ಹೆಚ್ಚು ಅಪಾಯ. ಸಮಚಿಹ್ನೆಯನ್ನೇ ತೆಗೆದುಕೊಳ್ಳಿ. ೧೫೫೭ರಲ್ಲಿ ವೇಲ್ಸಿನ ವೈದ್ಯ ರಾಬರ್ಟ್ ರೆಕಾರ್ಡ್ ಎರಡು ಸಮಾಂತರ ಗೆರೆಗಳನ್ನು ಎಳೆದು, ಇವಕ್ಕಿಂತ ಸಮನಾದ ಎರಡು ವಸ್ತುಗಳು ಇರಲಾರವು ಎಂದ. ನಾಲ್ಕು ನೂರು ವರ್ಷ ಗಣಿತಜ್ಞರು ಅದನ್ನು ನಂಬಿ ಬಾಳಿದರು. ೧೯೫೭ರಲ್ಲಿ ಐ.ಬಿ.ಎಂ.ನ ಫೋರ್ಟ್ರಾನ್ ಭಾಷೆ ಅದೇ ಚಿಹ್ನೆಗೆ 'ಬಲಗಡೆಯದನ್ನು ಎಡಗಡೆಯ ಗೂಡಿನಲ್ಲಿಡು' ಎಂಬ ಬೇರೆಯೇ ಅರ್ಥ ಕೊಟ್ಟಿತು. ಆಲ್ಗಾಲ್ ಪಂಡಿತರು ಇದು ಅಪಚಾರವೆಂದು, ಇಡುವುದಕ್ಕೆ ಎರಡು ಚುಕ್ಕೆ ಸೇರಿಸಿದ ಬೇರೆ ಚಿಹ್ನೆಯನ್ನು ಮಾಡಿದರು. ಬೆಲ್ ಪ್ರಯೋಗಶಾಲೆಯಲ್ಲಿ ಬಿ ಭಾಷೆ ಹುಟ್ಟುವಾಗ ಚುಕ್ಕೆಗಳು ಮತ್ತೆ ಉದುರಿದುವು. ಇಡುವುದಕ್ಕೆ ಒಂದು ಸಮಚಿಹ್ನೆ, ಹೋಲಿಸುವುದಕ್ಕೆ ಎರಡು ಎಂದಾಯಿತು. ಇದು ಬರಿಯ ಅಭಿರುಚಿಯ ವಿಷಯವಾಗಿತ್ತೆಂದು ಸಿ ಭಾಷೆಯ ಜನಕ ಡೆನಿಸ್ ರಿಚಿ ಆಮೇಲೆ ಬರೆದರು. ಒಬ್ಬರ ಅಭಿರುಚಿಗೆ ಕೋಟ್ಯಂತರ ವಿದ್ಯಾರ್ಥಿಗಳು ತೆರುತ್ತಿರುವ ಕಂದಾಯವನ್ನು ಯಾರು ಲೆಕ್ಕ ಹಾಕಬೇಕು!

'ಇದ್ದರೆ' ಎಂಬಲ್ಲಿ ಒಂದೇ ಸಮಚಿಹ್ನೆ ಹಾಕಿದರೆ ಸಿ ಒಪ್ಪಿಕೊಂಡುಬಿಡುತ್ತದೆ. ಜಾವಾ ಸಾಮಾನ್ಯವಾಗಿ ಒಪ್ಪದು. ಆದರೆ ಹೊಸದೊಂದು ಹಳ್ಳವನ್ನು ಜಾವಾವೇ ತೋಡಿದೆ. ಹುಡುಗನ ಪ್ರೋಗ್ರಾಂ ಗುಪ್ತಪದವನ್ನು ಕೇಳುತ್ತಿತ್ತು. ಸರಿಯಾದುದನ್ನೇ ಬರೆದರೂ ತಪ್ಪು ಎನ್ನುತ್ತಿತ್ತು. ಎರಡು ಸಮಚಿಹ್ನೆಯಿಂದ ಎರಡು ಪದಗಳನ್ನು ಹೋಲಿಸಿದ್ದ. ಇಲ್ಲಿ ನನ್ನ ಕಸುಬು ನೆರವಿಗೆ ಬಂತು. "ಪಂಪಭಾರತದ ಎರಡು ಪ್ರತಿ ನನ್ನ ಮನೆಯಲ್ಲಿವೆ. ಒಳಗಿರೋ ಪದ್ಯ ಅವೇ. ಹಾಗಂತ ಅದು ಒಂದೇ ಪುಸ್ತಕವೇನಪ್ಪ?" ಎಂದು ಕೇಳಿದೆ. ಜಾವಾದಲ್ಲಿ ಎರಡು ಸಮಚಿಹ್ನೆ ಕೇಳುವುದು ಇವೆರಡೂ ಒಂದೇ ಪುಸ್ತಕವೇ ಎಂದು. ಒಳಗಿನ ಪಾಠ ಒಂದೇ ಎಂದು ಕೇಳಲು 'ಈಕ್ವಲ್ಸ್' ಎಂಬ ಬೇರೆ ಮಾತಿದೆ. ಪ್ರೋಗ್ರಾಮಿನೊಳಗೆ ನಾವೇ ಬರೆದಿಟ್ಟ ಒಂದೇ ಪದಕ್ಕೆ ಯಂತ್ರ ಒಂದೇ ಪ್ರತಿಯನ್ನು ಇಟ್ಟುಕೊಳ್ಳುವುದರಿಂದ ಎರಡು ಸಮಚಿಹ್ನೆ ಕೆಲವೊಮ್ಮೆ ಸರಿಯಾಗಿಯೇ ನಡೆದು ಮೋಸಮಾಡುತ್ತದೆ. ಕೀಲಿಮಣೆಯಿಂದ ಬಂದ ಪದ ಹೊಸ ಪ್ರತಿ. ಅಲ್ಲಿ ಬಣ್ಣ ಬಯಲಾಗುತ್ತದೆ.

ಎಪ್ಪತ್ತೈದು, ಎಂಬತ್ತರ ಸರಾಸರಿ ಎಪ್ಪತ್ತೇಳೆಂದು ಬಂದು ಅರ್ಧ ಅಂಕ ಕಳೆದುಹೋದದ್ದೂ ಹೀಗೆಯೇ: ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದರೆ ಉಳಿದುದನ್ನು ಬಿಸಾಡುವ ಪದ್ಧತಿ ಫೋರ್ಟ್ರಾನಿನ ಕಾಲದ್ದು. ಭಾಗಿಸುವ ಎರಡನ್ನು ದಶಮಾಂಶವಾಗಿ ಬರೆದರೆ ಅರ್ಧ ಅಂಕ ಮರಳಿ ಬರುತ್ತದೆ. ಸರಾಸರಿಯ ಮಾತು ಬಂತೆಂದು ಇನ್ನೊಂದನ್ನು ಹೇಳಿಬಿಡುತ್ತೇನೆ. ಜಾವಾದ ಸಾಧಾರಣ ಪೂರ್ಣಾಂಕ ೨೧೪,೭೪,೮೩,೬೪೭ಕ್ಕಿಂತ ಮೇಲೆ ಹೋಗಲಾರದು. ಹೋದರೆ ಗದರಿಸದೆ ಋಣಸಂಖ್ಯೆಯಾಗಿ ಹೊರಳುತ್ತದೆ. ಸಾಲಾಗಿ ಜೋಡಿಸಿದ ಪಟ್ಟಿಯಲ್ಲಿ ನಡುವಿನಿಂದ ಹುಡುಕುವ ವಿಧಾನವನ್ನು ಜಾನ್ ಬೆಂಟ್ಲಿ ೧೯೮೬ರ ತಮ್ಮ ಪುಸ್ತಕದಲ್ಲಿ ಸರಿಯೆಂದು ಸಾಧಿಸಿಯೇ ತೋರಿಸಿದ್ದರು. ಅವರ ಪಾಠ ಕೇಳಿದ್ದ ಜೋಶುವಾ ಬ್ಲಾಕ್ ಅದನ್ನು ಜಾವಾದ ಭಂಡಾರಕ್ಕೇ ಬರೆದುಕೊಟ್ಟರು. ಎರಡು ತುದಿಗಳನ್ನು ಕೂಡಿ ಅರ್ಧ ಮಾಡುವ ಆ ಒಂದು ಸಾಲಿನಲ್ಲಿ, ಪಟ್ಟಿ ನೂರು ಕೋಟಿ ದಾಟಿದರೆ ಮೊತ್ತ ಹೊರಳಿಬೀಳುತ್ತದೆಂಬುದು ಸುಮಾರು ಒಂಬತ್ತು ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ. ೨೦೦೬ರಲ್ಲಿ ಬ್ಲಾಕ್ ಅವರೇ ಅದನ್ನು ಬರೆದು ಒಪ್ಪಿಕೊಂಡರು. ಗುರುವಿನ ಪ್ರತಿಯಲ್ಲಿದ್ದ ತಪ್ಪು ಶಿಷ್ಯನ ಪ್ರತಿಗೆ. ಓಲೆಗರಿಯ ಸೂತ್ರಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾನು ತರಗತಿಯಲ್ಲೂ ಕೊಟ್ಟಿಲ್ಲ.

ಇವರೆಲ್ಲರಿಗಿಂತ ಹಿರಿಯರು ಮಾರಿಸ್ ವಿಲ್ಕ್ಸ್. ೧೯೪೯ರಲ್ಲಿ ಕೇಂಬ್ರಿಜ್ಜಿನಲ್ಲಿ ಎಡ್ಸಾಕ್ ಎಂಬ ಯಂತ್ರವನ್ನು ನಡೆಸಿದವರು. ಯಂತ್ರದ ಕೋಣೆಗೂ ಕಾಗದದ ಪಟ್ಟಿಗೆ ತೂತು ಹೊಡೆಯುವ ಕೋಣೆಗೂ ನಡುವೆ ಮೆಟ್ಟಿಲು ಹತ್ತಿ ಇಳಿಯುತ್ತಿದ್ದಾಗ ಒಂದು ದಿನ, ತಮ್ಮ ಉಳಿದ ಆಯುಷ್ಯದ ಬಹುಭಾಗ ತಮ್ಮದೇ ಪ್ರೋಗ್ರಾಮುಗಳ ತಪ್ಪು ಹುಡುಕುವುದರಲ್ಲೇ ಕಳೆಯಲಿದೆ ಎಂಬುದು ಥಟ್ಟನೆ ಹೊಳೆಯಿತೆಂದು ಆತ್ಮಕಥೆಯಲ್ಲಿ ಬರೆದಿದ್ದಾರೆ. ನಮ್ಮ ಪ್ರಯೋಗಶಾಲೆಯೂ ಮೂರನೆಯ ಮಹಡಿಯಲ್ಲಿದೆ. ಹುಡುಗ ಆ ಮೆಟ್ಟಿಲುಗಳಿಗೆ ವಿಲ್ಕ್ಸ್ ಮೆಟ್ಟಿಲು ಎಂದು ಹೆಸರಿಟ್ಟ.

ಕೊನೆಗೆ ಬಂದ ತಪ್ಪೇ ನನ್ನ ಪಾಲಿಗೆ ದೊಡ್ಡದು, ಏಕೆಂದರೆ ಅದು ನಮ್ಮ ಮನೆಯದು. ಒಂದು ಪದ ಹಿಂದುಮುಂದಾಗಿ ಓದಿದರೂ ಒಂದೇ ಆಗಿದೆಯೇ ಎಂದು ಪರೀಕ್ಷಿಸುವ ಪ್ರೋಗ್ರಾಂ ಬರೆಯುವುದು ಹೊಸಬರಿಗೆಲ್ಲ ಕೊಡುವ ಅಭ್ಯಾಸ. ನಮ್ಮ ಆಲಂಕಾರಿಕರು ಇಂಥ ರಚನೆಯನ್ನು ಗತಪ್ರತ್ಯಾಗತ ಎಂದರು. ಹುಡುಗ ಪುಸ್ತಕದಲ್ಲಿದ್ದ ಇಂಗ್ಲಿಷ್ ಪದಗಳನ್ನು ಕೊಟ್ಟ, ಎಲ್ಲ ಸರಿಬಂದುವು. ನನ್ನನ್ನು ಸಂತೋಷಪಡಿಸಲೆಂದೋ ಏನೋ 'ವಿಕಟಕವಿ' ಎಂದು ಬರೆದ. ಕನ್ನಡದ ಮಕ್ಕಳೆಲ್ಲರೂ ಬಲ್ಲ ಪದ. ಯಂತ್ರ ಅಲ್ಲ ಎಂದಿತು.

ಕೆಂಪಕ್ಷರವಿಲ್ಲ, ಸಾಲಿನ ಅಂಕೆಯಿಲ್ಲ, ಬರಿಯ 'ಅಲ್ಲ'. ಹುಡುಗ ಗಂಟೆಗಟ್ಟಲೆ ತನ್ನ ಬರವಣಿಗೆಯಲ್ಲೇ ದೋಷ ಹುಡುಕಿ ಸೋತು, "ಕನ್ನಡ ಇದಕ್ಕೆ ಆಗಲ್ಲ ಸಾರ್" ಎಂದ. ಅವನು ಹಿಂದೆ ತನ್ನನ್ನು ಕುರಿತು ಹೇಳಿದ್ದ ಮಾತನ್ನೇ ಈಗ ಕನ್ನಡವನ್ನು ಕುರಿತು ಹೇಳಿದ್ದ. ಆ ದಿನ ನನಗೆ ಊಟ ಸೇರಲಿಲ್ಲ.

ಪದದ ಉದ್ದವೆಷ್ಟೆಂದು ಯಂತ್ರವನ್ನೇ ಕೇಳಿದೆವು. ಏಳು ಎಂದಿತು. ನಮ್ಮ ಎಣಿಕೆಗೆ ಐದು ಅಕ್ಷರ: ವಿ, ಕ, ಟ, ಕ, ವಿ. ೧೯೯೧ರಲ್ಲಿ ಲೋಕದ ಲಿಪಿಗಳಿಗೆಲ್ಲ ಅಂಕೆ ಹಂಚಿದ ಯುನಿಕೋಡಿನ ಮೊದಲ ಆವೃತ್ತಿಯಲ್ಲಿ ಕನ್ನಡಕ್ಕೂ ಸ್ಥಾನ ದೊರೆಯಿತು. ಭಾರತದಲ್ಲೇ ಅದಕ್ಕೆ ಮೊದಲು ಸಿದ್ಧವಾಗಿದ್ದ ಇಸ್ಕಿ ಎಂಬ ಸಂಕೇತಪದ್ಧತಿಯನ್ನು ಅನುಸರಿಸಿ, ಗುಣಿತಾಕ್ಷರಗಳಿಗೆ ಬೇರೆ ಬೇರೆ ಅಂಕೆ ಕೊಡದೆ ವ್ಯಂಜನಕ್ಕೊಂದು, ಗುಡಿಸಿಗೊಂದು ಎಂದು ಬಿಡಿಸಿ ಕೊಟ್ಟರು. ಲೆಕ್ಕದಲ್ಲಿ ಇದು ಜಾಣತನವೇ. ಕಾಗುಣಿತ, ಒತ್ತಕ್ಷರಗಳನ್ನೆಲ್ಲ ಬೇರೆ ಬೇರೆ ಎಣಿಸಿದರೆ ಸಾವಿರಾರು ಆದಾವು. ಜಾವಾ ಈ ಅಂಕೆಗಳನ್ನು ಎಣಿಸುತ್ತದೆಯೇ ಹೊರತು ನಮ್ಮ ಅಕ್ಷರಗಳನ್ನಲ್ಲ. ಹಿಂದಿನಿಂದ ತಿರುಗಿಸಿದಾಗ ಕೊನೆಯ 'ವಿ'ಯ ಗುಡಿಸು ಎಲ್ಲಕ್ಕೂ ಮೊದಲು ಬಂದು ಆಸರೆಯಿಲ್ಲದೆ ನಿಂತಿತು. ಮೊದಲನೆಯ 'ವಿ'ಯ ಗುಡಿಸು ಮುಂದಿನ 'ಕ'ಗೆ ಅಂಟಿ 'ಕಿ'ಯಾಯಿತು. 'ವಕಟಕಿವ' ಎಂಬ ಯಾವ ಭಾಷೆಯದೂ ಅಲ್ಲದ ಪ್ರಾಣಿ ಹುಟ್ಟಿತು. 'ಮೈಸೂರು' ಎಂಬುದನ್ನು ತಿರುಗಿಸಿದರೂ ಅದೇ ಗತಿ. 'ಕನ್ನಡ' ಎಂಬ ಪದ ಮಾತ್ರ ಅದೃಷ್ಟದಿಂದ ನೆಟ್ಟಗೆ 'ಡನ್ನಕ' ಎಂದು ತಿರುಗುತ್ತದೆ. ಒತ್ತು ಎರಡು 'ನ'ಗಳ ನಡುವೆ ಇರುವುದೇ ಕಾರಣ.

ಮದ್ದು ಇಲ್ಲದಿಲ್ಲ. ಅಂಕೆಗಳನ್ನು ಬಿಟ್ಟು, ಮೊದಲು ಪದವನ್ನು ಅಕ್ಷರಗಳ ಗುಂಪುಗಳಾಗಿ ಒಡೆದು, ಆ ಗುಂಪುಗಳನ್ನು ತಿರುಗಿಸಬೇಕು. ಹಾಗೆ ಒಡೆಯುವ ಒಂದು ಪುಟ್ಟ ಸಂಕೇತವೇ ೨೦೧೭ರಿಂದ ಜಾವಾದಲ್ಲಿದೆ. ಆದರೆ ಅದನ್ನು ಹುಡುಗನಿಗೆ ಒಡನೆಯೇ ಹೇಳಲು ನನಗೆ ಮನಸ್ಸಾಗಲಿಲ್ಲ. "ವ್ಯಂಜನ ಎಲ್ಲಿ ಶುರುವಾಗುತ್ತೆ, ಅದಕ್ಕೆ ಅಂಟಿಕೊಳ್ಳೋದು ಯಾವುದು, ನಿನಗೆ ಗೊತ್ತಲ್ಲ, ಮೊದಲು ಯಂತ್ರಕ್ಕೆ ಕಾಗುಣಿತ ಹೇಳಿಕೊಡು" ಎಂದೆ. ಕೈಗೆ ಸಿಕ್ಕಿದ ಒಂದು ಹಾಳೆಯ ಹಿಂಬದಿಯಲ್ಲಿ, ಒಂದನೆಯ ತರಗತಿಯಲ್ಲಿ ಕಲಿತ ಗುಡಿಸು ಕೊಂಬುಗಳನ್ನೆಲ್ಲ ಪಟ್ಟಿಮಾಡಿ, ಇವುಗಳಲ್ಲಿ ಯಾವುದು ಬಂದರೂ ಹಿಂದಿನ ಅಕ್ಷರಕ್ಕೆ ಸೇರಿಸು ಎಂದು ನಿಯಮ ಬರೆದ. ಅವನ ತರಗತಿಯಲ್ಲಿ ಇಂಗ್ಲಿಷ್ ಶಾಲೆಯಿಂದ ಬಂದವರು ಬಹಳ ಮಂದಿ ಇದ್ದರು. ಆ ಪಟ್ಟಿಯನ್ನು ನೋಡದೆ ಬರೆಯಬಲ್ಲವರು ಅವರಲ್ಲಿ ಎಷ್ಟು ಜನವೋ ನಾನರಿಯೆ.

ಎರಡು ದಿನ ಹಿಡಿಯಿತು. ಮೂರನೆಯ ಸಂಜೆ 'ವಿಕಟಕವಿ'ಗೆ ಯಂತ್ರ ಹೌದು ಎಂದಿತು. ಹುಡುಗ ಏನೂ ಮಾತಾಡದೆ 'ಕುಬೇರನಿಗೇನಿರಬೇಕು' ಎಂದು ಬರೆದ. ಅದಕ್ಕೂ ಹೌದು. ಆಮೇಲೆ ತನ್ನ ಹೆಸರನ್ನು ಬರೆದ, ಅಲ್ಲ ಎಂದಿತು, ಅದೂ ಸರಿಯೇ.

ನಿಯಮ ಬರೆದಿದ್ದ ಹಾಳೆಯನ್ನು ಎತ್ತಿಡಲು ಹೋದಾಗ ತಿರುವಿ ನೋಡಿದೆ. ಪೇಪರ್‌ವೇಟಿನ ಕೆಳಗಿದ್ದ ಟಿ.ಸಿ. ಅರ್ಜಿ ಅದು.